ಮಕ್ಕಳ ಓದಿಗೆ ರಾಯಭಾರಿ ಯಾರು?

(ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಮೇಲ್ವಿಚಾರಕರ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)



ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಎಂಜಿನಿಯರಿಂಗ್ ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆ ಬರೆದು ಈ ಹುದ್ದೆಗೆ ಬಂದವನು. ಚರಂಡಿಯ ಇಳಿಜಾರು, ನೀರಿನ ತೊಟ್ಟಿಯ ಸಾಮರ್ಥ್ಯ, ಉದ್ಯೋಗ ಖಾತರಿಯ ಅಳತೆ ಪುಸ್ತಕ ಇವುಗಳ ಬಗ್ಗೆ ಮಾತನಾಡುವುದು ನನಗೆ ಸುಲಭ. ಮಕ್ಕಳ ಪುಸ್ತಕದ ಬಗ್ಗೆ ಮಾತನಾಡಲು ನನಗಿರುವ ಅರ್ಹತೆ ಒಂದೇ: ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಮುಂದೆ ನಿವೇದಿಸುತ್ತೇನೆ.

ಕೆಲವು ದೇಶಗಳಲ್ಲಿ ಮಕ್ಕಳ ಓದಿಗೆಂದೇ ರಾಷ್ಟ್ರಮಟ್ಟದ ರಾಯಭಾರಿಯನ್ನು ನೇಮಿಸುವ ಪದ್ಧತಿಯಿದೆ. ಬ್ರಿಟನ್ನಿನಲ್ಲಿ 1999ರಲ್ಲಿ ಚಿತ್ರಕಾರ ಕ್ವೆಂಟಿನ್ ಬ್ಲೇಕ್ ಅವರಿಗೆ ಮೊದಲ ಬಾರಿಗೆ ಇಂತಹ ಗೌರವ ಸಂದಿತು. ಅಮೆರಿಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಹಯೋಗದಲ್ಲಿ 2008ರಿಂದ ಈ ಹುದ್ದೆ ನಡೆದುಬಂದಿದೆ. ಆರಿಸಲ್ಪಟ್ಟ ಲೇಖಕರು ದೇಶವನ್ನು ಸುತ್ತಿ ಮಕ್ಕಳನ್ನು ಭೇಟಿಯಾಗುತ್ತಾರೆ, ಪುಸ್ತಕಗಳ ಬಗ್ಗೆ ಮಾತನಾಡುತ್ತಾರೆ, ಮಕ್ಕಳ ಮಾತನ್ನೂ ಕೇಳುತ್ತಾರೆ. 2020ರಲ್ಲಿ ಈ ಹೊಣೆ ಹೊತ್ತ ಜೇಸನ್ ರೆನಾಲ್ಡ್ಸ್ ಅವರು ಸಣ್ಣ ಊರುಗಳ ಮಕ್ಕಳನ್ನು ತಲುಪುವುದನ್ನೇ ತಮ್ಮ ಗುರಿಯಾಗಿಸಿಕೊಂಡರು. ತಾವು ಹದಿನೇಳನೆಯ ವಯಸ್ಸಿನವರೆಗೂ ಒಂದು ಕಾದಂಬರಿಯನ್ನೂ ಪೂರ್ತಿಯಾಗಿ ಓದಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಓದಿನಿಂದ ದೂರ ಉಳಿದವನಿಗೇ ಓದದ ಮಗುವಿನ ಸಂಕೋಚ ಚೆನ್ನಾಗಿ ತಿಳಿದಿರುತ್ತದೆ ಎಂಬುದು ನನಗೆ ಇದರಲ್ಲಿ ಕಂಡ ಪಾಠ.

ನಮ್ಮ ದೇಶದಲ್ಲಿಯೂ ವ್ಯವಸ್ಥೆಗಳಿಲ್ಲದಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಮಕ್ಕಳ ಸಾಹಿತ್ಯಕ್ಕೆಂದೇ ರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಿತು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ನೀಡುತ್ತಿದೆ. ಪ್ರಶಸ್ತಿ ಲೇಖಕರಿಗೆ ಸಲ್ಲುತ್ತದೆ, ಸಲ್ಲಲೇಬೇಕು. ಆದರೆ ಆ ಪುಸ್ತಕವನ್ನು ಹಳ್ಳಿಯ ಮಗುವಿನ ಕೈಗೆ ತಲುಪಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಬಿರುದಿಲ್ಲದೆ ಈ ಕೆಲಸ ಮಾಡಿದವರು ನಮ್ಮ ನೆಲದಲ್ಲೇ ಇದ್ದಾರೆ. 1887ರಲ್ಲಿ ನಂಜನಗೂಡಿನಲ್ಲಿ ಜನಿಸಿದ ತಿರುಮಲಾಂಬ ಅವರು ಬಾಲ್ಯದಲ್ಲೇ ವೈಧವ್ಯಕ್ಕೆ ತುತ್ತಾದರು. ಅಂದಿನ ಸಮಾಜ ಅಂತಹ ಹೆಣ್ಣುಮಗಳಿಗೆ ಉಳಿಸಿದ್ದು ಮನೆಯ ಮೂಲೆಯನ್ನು ಮಾತ್ರ. ಅವರು ಆ ಮೂಲೆಯಲ್ಲಿ ಓದಿದರು, ಬರೆದರು. 1913ರ ಹೊತ್ತಿಗೆ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ ಸ್ತ್ರೀಯರು ಓದಬಲ್ಲ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಓದುವವರು ಇಲ್ಲವೆಂದು ಅವರು ಸುಮ್ಮನೆ ಕೂರಲಿಲ್ಲ, ಓದುವವರನ್ನು ಸೃಷ್ಟಿಸಿದರು.

ನಮ್ಮ ಕಾಲದ ನಿದರ್ಶನ ಬೇಕಿದ್ದರೆ ಮೈಸೂರಿನ ಸೈಯದ್ ಇಸಾಕ್ ಅವರಿದ್ದಾರೆ. ಶಾಲೆಯ ಶಿಕ್ಷಣದಿಂದ ವಂಚಿತರಾದ ಈ ಕೂಲಿ ಕಾರ್ಮಿಕರು ತಮ್ಮ ದುಡಿಮೆಯಿಂದಲೇ ಬಡಾವಣೆಯಲ್ಲಿ ಸಾರ್ವಜನಿಕ ಗ್ರಂಥಾಲಯವೊಂದನ್ನು ಕಟ್ಟಿದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸುಮಾರು 11,000 ಪುಸ್ತಕಗಳು ಸುಟ್ಟುಹೋದವೆಂದು ಪತ್ರಿಕೆಗಳು ವರದಿ ಮಾಡಿದವು. ಅವರು ಮತ್ತೆ ಗ್ರಂಥಾಲಯ ಕಟ್ಟುವ ಮಾತನ್ನೇ ಆಡಿದರು.

ಇವರೊಂದಿಗೆ ಹೋಲಿಸಿದರೆ ನಮಗೆ ಎಷ್ಟು ಅನುಕೂಲಗಳಿವೆ! 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು. 2020ರಲ್ಲಿ, ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ನಮ್ಮ ಜನ ಕಟ್ಟುತ್ತಾರೆ. ಅಂದರೆ ಕಪಾಟಿನಲ್ಲಿರುವ ಪ್ರತಿಯೊಂದು ಪುಸ್ತಕದಲ್ಲಿಯೂ ಆ ಊರಿನ ಕೂಲಿಕಾರರ, ರೈತರ ಪಾಲಿದೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ನಾನು ಹಿಂದೆ ಸೇವೆ ಸಲ್ಲಿಸಿದ ಪಂಚಾಯಿತಿಯೊಂದರಲ್ಲಿ ಅರಿವು ಕೇಂದ್ರವನ್ನು ಬಹಳ ಉತ್ಸಾಹದಿಂದ ನವೀಕರಿಸಿದೆವು. ಗೋಡೆಗೆ ಚಿತ್ರ, ನೆಲಕ್ಕೆ ಟೈಲ್ಸ್, ಕಂಪ್ಯೂಟರ್, ಇನ್‌ವರ್ಟರ್ ಎಲ್ಲವೂ ಬಂದವು. ದಾಸ್ತಾನು ಪರಿಶೀಲನೆಯಲ್ಲಿ ಕೆಲವು ಪುಸ್ತಕಗಳು ಕಡಿಮೆಯಾಗಿರುವುದು ಕಂಡುಬಂದಾಗ, ನಷ್ಟವನ್ನು ಮೇಲ್ವಿಚಾರಕರ ಸಂಭಾವನೆಯಿಂದ ವಸೂಲಿ ಮಾಡಲಾಗುವುದೆಂದು ನಾನೇ ಒಂದು ಪತ್ರ ಬರೆದೆ. ಕರ್ತವ್ಯ ನಿರ್ವಹಿಸಿದೆನೆಂಬ ಸಮಾಧಾನವೂ ನನಗಿತ್ತು.

ಕೆಲವು ತಿಂಗಳ ನಂತರ ಒಂದು ಸಂಜೆ ಅಲ್ಲಿಗೆ ಹೋದೆ. ಕೊಠಡಿ ಬಾಗಿಲು ತೆರೆದಿತ್ತು. ಗಾಜಿನ ಕಪಾಟಿಗೆ ಬೀಗವಿತ್ತು. ಐದನೆಯ ತರಗತಿಯ ಬಾಲಕಿಯೊಬ್ಬಳು ನೆಲದ ಮೇಲೆ ಕುಳಿತು ಗಾಜಿನೊಳಗಿಂದ ಪುಸ್ತಕಗಳನ್ನು ನೋಡುತ್ತಿದ್ದಳು. ನನ್ನನ್ನು ಕಂಡು, “ಸಾ, ಆ ನವ್ಲು ಇರೋ ಪುಸ್ತ್ಕ ಒಸಿ ತಗ್ದುಕೊಡಿ ಸಾ, ಇಲ್ಲೇ ನೋಡ್ಬುಟ್ಟು ಕೊಟ್ಬುಡ್ತೀನಿ” ಎಂದಳು. ನಾನು ಮೇಲ್ವಿಚಾರಕಿಯ ಕಡೆ ನೋಡಿದೆ. ಆಕೆ ತಲೆ ತಗ್ಗಿಸಿ, “ನಿಮ್ಮ ಪತ್ರ ಬಂದ ಮೇಲೆ ಯಾರಿಗೂ ಕೊಡೋಕೆ ಧೈರ್ಯ ಬರ್ತಿಲ್ಲ ಸರ್” ಎಂದರು. ಆಕೆ ಬೀಗ ಹಾಕಿದ್ದರು ನಿಜ. ಆದರೆ ಬೀಗ ಹಾಕಿಸಿದವನು ನಾನು.

ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕದ ಬಳಕೆಯನ್ನು ಕುರಿತದ್ದು. ಹಿಂದೆ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದುದನ್ನು ಅವರು ನೆನಪಿಸುತ್ತಾರೆ. ಅದನ್ನು ಓದಿದಾಗ ನನಗೆ ನನ್ನ ಪತ್ರವೇ ಸರಪಳಿಯಾಗಿ ಕಂಡಿತು.

ಪತ್ರವನ್ನು ಹಿಂಪಡೆದೆ. ವಿಷಯವನ್ನು ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದಿಟ್ಟು ಚರ್ಚಿಸಿದೆವು. ಮಕ್ಕಳ ಪುಸ್ತಕ ಬಳಕೆಯಿಂದ ಹರಿದರೆ ಅದನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ, ವರ್ಷಕ್ಕೊಮ್ಮೆ ಸಭೆಯ ಗಮನಕ್ಕೆ ತರುವುದೆಂದೂ, ನಿರ್ಲಕ್ಷ್ಯವಿಲ್ಲದಿರುವಾಗ ಮೇಲ್ವಿಚಾರಕರನ್ನು ಹೊಣೆ ಮಾಡುವುದಿಲ್ಲವೆಂದೂ ನಿರ್ಣಯವಾಯಿತು. ನಂತರ ಎಂಜಿನಿಯರನಿಗೆ ತಿಳಿದ ಕೆಲಸ ಮಾಡಿದೆ: ಆರು ವರ್ಷದ ಮಗುವಿನ ಕೈ ಎಷ್ಟು ಎತ್ತರಕ್ಕೆ ಎಟಕುತ್ತದೆಂದು ಅಳೆದೆ. ಮೇಲಿದ್ದ ಕಥೆ ಪುಸ್ತಕಗಳು ಕೆಳಗಿನ ಎರಡು ಅಂಕಣಗಳಿಗೆ ಇಳಿದವು. ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳು ಮೇಲೇರಿದವು. ಹಗ್ಗ ಕಟ್ಟಿ, ರಕ್ಷಾಪುಟ ಕಾಣುವಂತೆ ಕೆಲವು ಪುಸ್ತಕಗಳನ್ನು ತೂಗುಹಾಕಿದೆವು. ಖರ್ಚು ಅತ್ಯಲ್ಪ.

ಕೆಲವು ಪುಸ್ತಕಗಳು ಹಿಂದಿರುಗಲಿಲ್ಲ ಎಂಬುದನ್ನು ನಾನು ಮರೆಮಾಚುವುದಿಲ್ಲ. ಆ ನವಿಲಿನ ಪುಸ್ತಕ ಮಾತ್ರ ಸಾರಿನ ಕಲೆಯೊಂದಿಗೆ ಹಿಂದಿರುಗಿತು. ತಾಯಿ ಅಡುಗೆ ಮಾಡುತ್ತಿದ್ದಾಗ ಒಲೆಯ ಬಳಿ ಕುಳಿತು ಆ ಬಾಲಕಿ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳಂತೆ. ಓದಲು ಬಾರದ ಆ ತಾಯಿ, “ಇನ್ನೊಂದು ಕಥೆ ಪುಸ್ತಕ ತತ್ತಾ ಮಗ” ಎಂದು ಹೇಳಿ ಕಳುಹಿಸಿದ್ದರು. ಆ ಮನೆಯ ಮಟ್ಟಿಗೆ ಓದಿನ ರಾಯಭಾರಿ ಆ ಬಾಲಕಿಯೇ.

ಆದುದರಿಂದ ಮೇಲ್ವಿಚಾರಕ ಬಂಧುಗಳಲ್ಲಿ ನನ್ನ ವಿನಂತಿಗಳು ಕೆಲವೇ. ಮೊದಲನೆಯದು, ಮಕ್ಕಳ ಪುಸ್ತಕಗಳಿರುವ ಕಪಾಟಿಗೆ ಬೀಗ ಬೇಡ. ಎರಡನೆಯದು, ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಮಾತ್ರ ತೆರೆದಿರುವ ಕೇಂದ್ರ ಮಕ್ಕಳ ಪಾಲಿಗೆ ಮುಚ್ಚಿದಂತೆಯೇ. ಸಂಜೆಯ ವೇಳೆ ಅವರಿಗೆ ಮೀಸಲಿರಲಿ. ಮೂರನೆಯದು, ವಾರಕ್ಕೊಮ್ಮೆ ಯಾರಾದರೊಬ್ಬರು ಮಕ್ಕಳಿಗೆ ಗಟ್ಟಿಯಾಗಿ ಓದಲಿ. ಅವರು ಲೇಖಕರೇ ಆಗಬೇಕಿಲ್ಲ. ನಿವೃತ್ತ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಸದಸ್ಯೆಯರು, ಕಾಲೇಜಿಗೆ ಹೋಗುವ ಊರಿನ ಹುಡುಗ ಹುಡುಗಿಯರು ಯಾರಾದರೂ ಆಗಬಹುದು. ಓದಲು ಬಾರದ ಅಜ್ಜಿ ಬಂದು ಮಾದೇಶ್ವರನ ಕಥೆಯನ್ನೋ ಮಂಟೇಸ್ವಾಮಿಯ ಕಥೆಯನ್ನೋ ಹೇಳಿದರೂ ಅದು ಓದಿಗೆ ಹಾಕಿದ ಅಡಿಪಾಯವೇ.

ನನ್ನ ಸಹೋದ್ಯೋಗಿಗಳಾದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಲ್ಲಿಯೂ ಒಂದು ಮಾತು. ನಾವು ಲೆಕ್ಕ ಕೇಳುವಾಗ “ಎಷ್ಟು ಪುಸ್ತಕಗಳಿವೆ?” ಎಂದು ಕೇಳುತ್ತೇವೆ. ಅದರೊಂದಿಗೆ “ಎಷ್ಟು ಪುಸ್ತಕಗಳು ಈಗ ಮನೆಗಳಲ್ಲಿವೆ?” ಎಂದೂ ಕೇಳೋಣ. ಪುಸ್ತಕ ಖರೀದಿಸುವಾಗ ಉದ್ಯೋಗಾಕಾಂಕ್ಷಿಗಳಂತೆಯೇ ಈಗಷ್ಟೇ ಅಕ್ಷರ ಕೂಡಿಸಿ ಓದುವ ಮಗುವನ್ನೂ ನೆನೆಯೋಣ. ನಾನೂ ಆ ಕೈಪಿಡಿಗಳನ್ನು ಓದಿಯೇ ಬಂದವನು. ಆದರೆ ಓದಿನ ರುಚಿ ಹತ್ತುವುದು ಕೈಪಿಡಿಯಿಂದಲ್ಲ.

ಕೊನೆಯದಾಗಿ, ಎರಡೂ ತಾಲ್ಲೂಕಿನವರು ಇಲ್ಲಿ ಸೇರಿರುವುದರಿಂದ ಒಂದು ಸಲಹೆ. ನಂಜನಗೂಡನ್ನು ಹಾದುಬರುವ ಕಪಿಲೆಯೇ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಂತೆಯೇ ನಮ್ಮ ಪುಸ್ತಕಗಳೂ ಸಂಚರಿಸಲಿ. ಒಂದು ಕೇಂದ್ರದ ಮಕ್ಕಳು ಓದಿ ಮುಗಿಸಿದ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ವಹಿಯಲ್ಲಿ ದಾಖಲಿಸಿ, ಮತ್ತೊಂದು ಕೇಂದ್ರಕ್ಕೆ ಕಳುಹಿಸೋಣ. ಅಲ್ಲಿನ ಪೆಟ್ಟಿಗೆಯನ್ನು ಇಲ್ಲಿಗೆ ತರಿಸಿಕೊಳ್ಳೋಣ. ಹೊಸ ಅನುದಾನಕ್ಕೆ ಕಾಯದೆಯೇ ಎರಡೂ ಕಡೆಯ ಮಕ್ಕಳಿಗೆ ಹೊಸ ಪುಸ್ತಕ ಸಿಗುತ್ತದೆ.

ದೇಶಕ್ಕೊಬ್ಬ ರಾಯಭಾರಿ ಮುಂದೊಂದು ದಿನ ನೇಮಕವಾಗಬಹುದು, ಆಗಲಿ. ಆದರೆ ಅಷ್ಟು ದೊಡ್ಡವರು ನಮ್ಮ ಪ್ರತಿಯೊಂದು ಹಳ್ಳಿಗೂ ಬರಲಾರರು. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕಪಾಟಿನ ಕೀಲಿ ಹಿಡಿದಿರುವವರು ತಾವು. ಇಂದು ಸಂಜೆ ಊರಿಗೆ ಹಿಂದಿರುಗಿದ ಮೇಲೆ ದಯವಿಟ್ಟು ಆ ಕಪಾಟನ್ನು ತೆರೆಯಿರಿ. ಒಂದು ಪುಸ್ತಕ ಹರಿದರೆ ಉತ್ತರ ಹೇಳಲು ನಾವು ತಮ್ಮೊಂದಿಗಿದ್ದೇವೆ.