ಮಾಟದ ಮಾತು, ಹೊಲದ ಉತಾರ



ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಬಾಗಿಲು ತೆರೆದವರಿಗೆ ಹೊಸ್ತಿಲ ಹೊರಗೆ ಒಂದು ನಿಂಬೆಹಣ್ಣು ಕಾಣುತ್ತದೆ. ಅದಕ್ಕೆ ಕುಂಕುಮ ಮೆತ್ತಿದೆ, ನಾಲ್ಕು ಸೂಜಿ ಚುಚ್ಚಿದೆ. ಮನೆಯವರು ಗಾಬರಿಯಾಗುತ್ತಾರೆ. ಯಾರೋ ಕರಣಿ, ಅಂದರೆ ಮಾಟ, ಮಾಡಿಸಿದ್ದಾರೆ ಎಂಬ ಮಾತು ಮಧ್ಯಾಹ್ನದೊಳಗೆ ಓಣಿ ತುಂಬ ಹಬ್ಬುತ್ತದೆ. ಸಂಜೆಯಾಗುವಷ್ಟರಲ್ಲಿ ಆ 'ಯಾರೋ' ಎಂಬುವವರಿಗೆ ಒಂದು ಹೆಸರು ಬಂದಿರುತ್ತದೆ. "ಯವ್ವಾ, ಆಕಿ ನಮ್ಮ ಕೊಟ್ಟಿಗಿ ಮುಂದ ಹಾದು ಹೋದಾಗಿಂದ ಎಮ್ಮಿ ಹಾಲ ಕೊಡವಲ್ದು ನೋಡು" ಎಂದು ಒಬ್ಬಳು ಹೇಳಿದರೆ ಸಾಕು, ಇನ್ನೊಬ್ಬಳಿಗೆ ತನ್ನ ಮಗುವಿನ ಜ್ವರ ನೆನಪಾಗುತ್ತದೆ. ಮಾಟ ಬಿಡಿಸುವ ದೇವರುಷಿಯ ಹತ್ತಿರ ಹೋದರೆ ಅವನು ಹೆಸರು ಹೇಳುವುದಿಲ್ಲ. ಮೂಡಲ ದಿಕ್ಕಿನ ಮನೆ, ಒಂಟಿ ಹೆಂಗಸು ಎನ್ನುತ್ತಾನೆ. ಊರಿಗೆ ಅಷ್ಟು ಸಾಕು.

ಆ ಒಂಟಿ ಹೆಂಗಸು ಯಾರು? ಗಂಡ ಸತ್ತವಳು, ಮಕ್ಕಳಿಲ್ಲದವಳು, ಇಲ್ಲವೆ ಜಾತಿ ಬಿಟ್ಟು ಮದುವೆಯಾದ ಮಗನ ತಾಯಿ. ನಾನು ಇನ್ನೂ ಒಂದು ಪ್ರಶ್ನೆ ಸೇರಿಸುತ್ತೇನೆ. ಆಕೆಯ ಹೆಸರಿನಲ್ಲಿ ಹೊಲವಿದೆಯೇ? ಇದ್ದರೆ ಉತಾರದಲ್ಲಿ, ಅಂದರೆ ಹೊಲದ ದಾಖಲೆಯಲ್ಲಿ, ಆಕೆಯ ಹೆಸರಿನ ಕೆಳಗೆ ಇನ್ನು ಯಾರು ಯಾರ ಹೆಸರಿದೆ? ಕೃಷ್ಣೆಯ ನೀರು ಹರಿದು, ಕಬ್ಬು ಬಂದು, ಸಕ್ಕರೆ ಕಾರ್ಖಾನೆಗಳು ಎದ್ದ ಈ ನೆಲದಲ್ಲಿ ಒಂದು ಗುಂಟೆಯ ಬೆಲೆ ಏನೆಂದು ನಿಮಗೇ ಗೊತ್ತು. ಮಾಟದ ಆರೋಪ ಕೊನೆಗೆ ಬರುವ ಮಾತು. ಮೊದಲು ಬಂದಿರುವುದು ಬಾಂದಿನ ಜಗಳ, ಪಾಲಿನ ಜಗಳ, ಇಲ್ಲವೆ ಒಂದು ಪ್ರೇಮ. ಈ ಮಾತನ್ನು ನಾನು ಮೂರು ಊರುಗಳ ಚರಿತ್ರೆಯಿಂದ ಹೇಳಬಯಸುತ್ತೇನೆ. ಒಂದು ಬಹಳ ದೂರದ್ದು, ಒಂದು ಬಹಳ ಹಳೆಯದು, ಒಂದು ನಮ್ಮ ಜಿಲ್ಲೆಯದೇ.

ದೂರದ ಊರು ಅಮೆರಿಕದ ಮಸಾಚುಸೆಟ್ಸಿನ ಸೇಲಂ. ಇಂಗ್ಲೆಂಡಿನಿಂದ ಹೋದ ಪ್ಯೂರಿಟನ್ ಪಂಥದ ಕ್ರೈಸ್ತರು ಕಟ್ಟಿಕೊಂಡ ವಸಾಹತು ಅದು. ಬದುಕೆಲ್ಲ ಶುದ್ಧವಾಗಿರಬೇಕು, ದೇವರ ವಾಕ್ಯದಂತೆ ನಡೆಯಬೇಕು ಎಂಬುದು ಅವರ ಪಟ್ಟು. 1692ರ ಚಳಿಗಾಲದಲ್ಲಿ ಅಲ್ಲಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸನ ಮನೆಯ ಇಬ್ಬರು ಹುಡುಗಿಯರು ಮೈ ತಿರುಚಿಕೊಂಡು ಕಿರುಚತೊಡಗಿದರು. ಆ ಪಾದ್ರಿಗೂ ಊರವರಿಗೂ ಸಂಬಳದ ಮೇಲೆ, ಸೌದೆಯ ಮೇಲೆ ಮೊದಲೇ ವ್ಯಾಜ್ಯ ನಡೆದಿತ್ತು. ಫೆಬ್ರವರಿ 29ರಂದು ಮೂವರು ಹೆಂಗಸರ ಮೇಲೆ ವಾರಂಟು ಹೊರಟಿತು. ಒಬ್ಬಳು ಪಾದ್ರಿಯ ಮನೆಯ ಗುಲಾಮಳು ಟಿಟುಬಾ. ಇನ್ನೊಬ್ಬಳು ಮನೆ ಮನೆ ಬೇಡಿ ತಿನ್ನುತ್ತಿದ್ದ ಸಾರಾ ಗುಡ್. ಮೂರನೆಯವಳು ಸಾರಾ ಆಸ್‌ಬರ್ನ್.

ಈ ಮೂರನೆಯ ಸಾರಾಳ ಕಥೆಯ ಬಳಿ ಸ್ವಲ್ಪ ನಿಲ್ಲಬೇಕು. ಆಕೆಯ ಮೊದಲ ಗಂಡ ರಾಬರ್ಟ್ ಪ್ರಿನ್ಸ್ ಸತ್ತಾಗ ತನ್ನ ಜಮೀನು ಇಬ್ಬರು ಗಂಡುಮಕ್ಕಳಿಗೆ ಹೋಗಲಿ ಎಂದು ಬರೆದಿಟ್ಟಿದ್ದ. ಆ ಮೃತ್ಯುಪತ್ರವನ್ನು ನಡೆಸುವ ಹೊಣೆ ಅವನ ಬೀಗರಾದ ಪಟ್ನಮ್ ಮನೆತನದ ಹಿರಿಯರದಾಗಿತ್ತು. ಹೊಲ ನೋಡಿಕೊಳ್ಳಲು ಗಂಡಾಳು ಬೇಕಿತ್ತು. ಸಾರಾ ಅಲೆಕ್ಸಾಂಡರ್ ಆಸ್‌ಬರ್ನ್ ಎಂಬ ಐರಿಷ್ ಜೀತದಾಳಿನ ಕರಾರನ್ನು ಹಣ ಕೊಟ್ಟು ಕೊಂಡಳು. ಅವನು ಮನೆಯಲ್ಲಿ ಉಳಿದ. ಆಮೇಲೆ ಅವನನ್ನೇ ಮದುವೆಯಾದಳು. ಮಾಲಕಿಯೊಬ್ಬಳು ಆಳನ್ನು ಕೈಹಿಡಿದಳಲ್ಲ ಎಂದು ಊರು ವರ್ಷಗಟ್ಟಲೆ ಆಡಿಕೊಂಡಿತು. ಜಮೀನನ್ನು ತಾವೇ ಇಟ್ಟುಕೊಳ್ಳಲು ಗಂಡ ಹೆಂಡತಿ ಪ್ರಯತ್ನಪಟ್ಟಾಗ ಪಟ್ನಮ್ ಮನೆತನದೊಂದಿಗೆ ವ್ಯಾಜ್ಯ ಹುಟ್ಟಿತು. 1692ರಲ್ಲಿ ಆಕೆ ಮಾಟಗಾತಿ ಎಂದು ದೂರಿಗೆ ಸಹಿ ಹಾಕಿದವರಲ್ಲಿ ಅದೇ ಮನೆತನದ ಥಾಮಸ್ ಪಟ್ನಮ್ ಮತ್ತು ಎಡ್ವರ್ಡ್ ಪಟ್ನಮ್ ಇದ್ದರು. ಆಕೆ ಹಾಸಿಗೆ ಹಿಡಿದಿದ್ದಳು, ಬೇನೆಯಿಂದಾಗಿ ಬಹಳ ದಿನದಿಂದ ಚರ್ಚಿಗೆ ಹೋಗಿರಲಿಲ್ಲ. ಹೋಗದಿದ್ದುದೇ ಒಂದು ಸಾಕ್ಷಿಯಾಯಿತು. ತಾನು ಮಾಟಗಾತಿ ಎಂದು ಆಕೆ ಒಪ್ಪಲಿಲ್ಲ, ಬೇರೆ ಯಾರ ಹೆಸರನ್ನೂ ಹೇಳಲಿಲ್ಲ. ಮೇ 10ರಂದು ಬೋಸ್ಟನ್ನಿನ ಜೈಲಿನಲ್ಲಿ ಸತ್ತಳು.

ಪ್ರೇಮ, ಆಸೆಬುರುಕತನ, ಅನ್ಯಾಯ, ಮೂರೂ ಒಬ್ಬಳ ಬದುಕಿನಲ್ಲಿ ಕೂಡಿಬಂದದ್ದು ಹೀಗೆ.

ಆ ವರ್ಷ ಸೇಲಂನಲ್ಲಿ ನೇಣಿಗೇರಿದವರು 19 ಮಂದಿ, 14 ಹೆಂಗಸರು, 5 ಗಂಡಸರು. ತಪ್ಪೊಪ್ಪಿಕೊಂಡವರು ಬದುಕಿದರು, ನೇಣಿಗೇರಿದವರು ನಾನು ಮಾಡಿಲ್ಲ ಎಂದವರೇ. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳಿಗೂ ಬೇಡಿ ಹಾಕಿದರು. ಜೈಲಿನ ಊಟದ ಖರ್ಚನ್ನು ಕೈದಿಗಳೇ ಕೊಡಬೇಕು, ನಿರಪರಾಧಿ ಎಂದು ತೀರ್ಪು ಬಂದರೂ ಆ ಬಾಕಿ ತೀರಿಸದೆ ಬಿಡುಗಡೆ ಇಲ್ಲ. ಶೆರೀಫ ಜಾರ್ಜ್ ಕಾರ್ವಿನ್ ಆರೋಪಿಗಳ ಮನೆಗೆ ನುಗ್ಗಿ ದನಕರು, ದವಸ, ಪಾತ್ರೆಗಳನ್ನು ಜಪ್ತಿ ಮಾಡಿದ. ಎಂಬತ್ತರ ಆಸುಪಾಸಿನ ಜೈಲ್ಸ್ ಕೋರಿ ಎಂಬ ರೈತ ಮೊದಲೇ ತನ್ನ ಜಮೀನನ್ನು ಅಳಿಯಂದಿರ ಹೆಸರಿಗೆ ಮಾಡಿಟ್ಟು, ನ್ಯಾಯಾಲಯದೆದುರು ಬಾಯಿ ಬಿಡಲು ಒಪ್ಪಲಿಲ್ಲ. ಅವನ ಎದೆಯ ಮೇಲೆ ಕಲ್ಲು ಹೇರಿದರು, ಬಾಯಿ ಬಿಡುವ ತನಕ ಹೇರುತ್ತಲೇ ಹೋದರು. ಸೆಪ್ಟೆಂಬರ್ 19ರಂದು ಅವನು ಸತ್ತ. ಮೂರು ದಿನದ ಮೇಲೆ ಅವನ ಹೆಂಡತಿ ಮಾರ್ಥಾಳನ್ನು ನೇಣಿಗೇರಿಸಿದರು.

ಹಳೆಯ ಊರು ನಮ್ಮ ಕಲ್ಯಾಣ. ಸೇಲಂಗಿಂತ ಐದು ಶತಮಾನ ಹಿಂದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಇಬ್ಬರೂ ತಂದೆಯರು ಶರಣರು, ಇಬ್ಬರೂ ಒಪ್ಪಿ ಮಾಡಿದ ಸಂಬಂಧ. ಆಸ್ಥಾನದಲ್ಲಿ ಶರಣರ ಮೇಲೆ ಹಲ್ಲು ಕಡಿಯುತ್ತಿದ್ದವರು ದೊರೆ ಬಿಜ್ಜಳನ ಕಿವಿ ಕಚ್ಚಿದರು, ವರ್ಣಸಂಕರವಾಯಿತು, ರಾಜ್ಯಕ್ಕೆ ಕೇಡು ಬರುತ್ತದೆ ಎಂದರು. ಶರಣ ಪರಂಪರೆ ಹೇಳುವಂತೆ ಶಿಕ್ಷೆಯಾದದ್ದು ತಂದೆಯರಿಗೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸುವ ಎಳೆಹೂಟೆ. ಮಕ್ಕಳು ಕೂಡಿದ್ದಕ್ಕೆ ಹೆತ್ತವರ ಮೈಯನ್ನು ಊರ ಬೀದಿಯಲ್ಲಿ ಎಳೆಯುವುದು. ಇದನ್ನು ನೆನಪಿನಲ್ಲಿಡಿ.

ಮೂರನೆಯ ಊರು ಹೊಸ ವಂಟಮುರಿ, ಬೆಳಗಾವಿ ತಾಲೂಕು. ನಮ್ಮ ಚಿಕ್ಕೋಡಿ, ನಿಪ್ಪಾಣಿಯವರು ಹೆದ್ದಾರಿ ಹಿಡಿದು ಬೆಳಗಾವಿಗೆ ಹೋಗುವಾಗ ಹತ್ತಿರದಲ್ಲೇ ಸಿಗುವ ಊರು. 2023ರ ಡಿಸೆಂಬರ್ 11ರ ಬೆಳಗಿನ ಜಾವ. ಪರಸ್ಪರ ಪ್ರೀತಿಸಿದ ಒಬ್ಬ ಹುಡುಗ, ಒಬ್ಬ ಹುಡುಗಿ ರಾತ್ರಿ ಊರು ಬಿಟ್ಟಿದ್ದರು. ಹುಡುಗಿಗೆ ಬೇರೆ ಕಡೆ ಸಂಬಂಧ ಗೊತ್ತುಮಾಡಿದ್ದರು. ಹುಡುಗಿಯ ಕಡೆಯವರು ಹುಡುಗನ ಮನೆಗೆ ನುಗ್ಗಿ, ಅವನ ತಾಯಿಯನ್ನು ಹೊರಗೆಳೆದು, ಬೆತ್ತಲೆ ಮಾಡಿ, ಹೊಡೆದು, ವಿದ್ಯುತ್ ಕಂಬಕ್ಕೆ ಕಟ್ಟಿದರು. ಆಗ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಹೈಕೋರ್ಟು ಪತ್ರಿಕೆಯ ಸುದ್ದಿ ನೋಡಿ ತಾನೇ ಪ್ರಕರಣ ಕೈಗೆತ್ತಿಕೊಂಡಿತು. ಅಷ್ಟು ಜನ ನೋಡುತ್ತ ನಿಂತರು, ಬಿಡಿಸಲು ಹೋಗಿ ಹೊಡೆತ ತಿಂದವನು ಒಬ್ಬನೇ ಎಂದು ನ್ಯಾಯಮೂರ್ತಿಗಳು ನೊಂದು ಹೇಳಿದರು. ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕನ ಕಾಲದಲ್ಲಿ ಊರಿಗೇ ಒಟ್ಟಾಗಿ ವಿಧಿಸುತ್ತಿದ್ದ ಪುಂಡುಗಂದಾಯವನ್ನು ನೆನಪಿಸಿ, ನೋಡುತ್ತ ನಿಂತ ಊರಿಗೂ ಹೊಣೆ ಇಲ್ಲವೇ ಎಂದು ಕೇಳಿದರು. ಸರ್ಕಾರ ಆ ತಾಯಿಗೆ ಜಮೀನು ಮಂಜೂರು ಮಾಡಿತು. ಆಕೆಯನ್ನು ಯಾರೂ ಮಾಟಗಾತಿ ಎಂದಿರಲಿಲ್ಲ. ಮಗ ಪ್ರೀತಿಸಿದ್ದು ಅಷ್ಟೇ ಆಕೆಯ ಅಪರಾಧ. ಆದರೆ ಬೀದಿ ಅದೇ, ಗುಂಪು ಅದೇ, ಹೆಣ್ಣಿನ ಮೈಯ ಮೇಲೆ ಊರಿನ ಮರ್ಯಾದೆಯನ್ನು ತೂಗುವ ಕ್ರಮವೂ ಅದೇ. ಕಲ್ಯಾಣದಲ್ಲಿ ತಂದೆಯರನ್ನು ಎಳೆದರು, ಇಲ್ಲಿ ತಾಯಿಯನ್ನು ಎಳೆದರು.

ಸೇಲಂನಲ್ಲಿ ಆರೋಪಿ ಹೆಂಗಸರ ಬಟ್ಟೆ ಬಿಚ್ಚಿಸಿ ಮೈಮೇಲೆ ಸೈತಾನನ ಗುರುತು ಹುಡುಕುತ್ತಿದ್ದರು. ಒಂದು ಮಚ್ಚೆ, ಒಂದು ನರುಲಿ ಸಿಕ್ಕರೂ ಸಾಕು. ನಮ್ಮ ಕಡೆ ಅಂಥದೇ ಗುರುತು ತಲೆಗೂದಲಿನಲ್ಲಿತ್ತು. ಎಣ್ಣೆ ಕಾಣದ, ಬಾಚಣಿಕೆ ಕಾಣದ ಬಡ ಹುಡುಗಿಯ ಕೂದಲು ಗಂಟುಗಂಟಾಗಿ ಹೆಣೆದುಕೊಂಡರೆ ಜಡೆ ಬಂತು, ಯಲ್ಲಮ್ಮ ಕರೆದಿದ್ದಾಳೆ ಎಂದರು. ಅದಕ್ಕೆ ಭಂಡಾರ ಹಚ್ಚಿ ಪೂಜಿಸಿದರು. ಕತ್ತರಿಸಿದರೆ ರಕ್ತ ಬರುತ್ತದೆ, ಮನೆ ಹಾಳಾಗುತ್ತದೆ ಎಂದು ಹೆದರಿಸಿದರು. ಆಮೇಲೆ ಕೊರಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಸವದತ್ತಿ ಇರಲಿ, ಅಥಣಿ ತಾಲೂಕಿನ ಕೊಕಟನೂರ ಇರಲಿ, ಬಲಿಯಾದವರು ಬಹುತೇಕ ದಲಿತ ಮನೆಗಳ ಹುಡುಗಿಯರು, ಲಾಭ ಪಡೆದವರು ಉಳ್ಳವರು. ಹತ್ತಿರದಿಂದ ಆ ಜಡೆಯನ್ನು ನೋಡಿದವರಿಗೆ ಗೊತ್ತು, ಅದು ಭಂಡಾರ, ಧೂಳು, ಬೆವರು ಸೇರಿ ಗಟ್ಟಿಯಾದ ಒಂದು ಭಾರ. ಕುತ್ತಿಗೆ ನೋಯುತ್ತದೆ, ಒಳಗೆ ಹೇನು ತುಂಬಿರುತ್ತದೆ. ಗಡಿಯ ಎರಡೂ ಕಡೆಯ ಕಾರ್ಯಕರ್ತರು ಆ ಹೆಂಗಸರನ್ನು ಒಪ್ಪಿಸಿ ಕತ್ತರಿ ಹಾಕಿದ್ದಾರೆ. ಯಾವ ರಕ್ತವೂ ಬರಲಿಲ್ಲ.

ಇಲ್ಲಿ ನನ್ನನ್ನು ಬಹಳ ಕಾಡುವ ಸಂಗತಿಯೊಂದಿದೆ. ಯಲ್ಲಮ್ಮ ಯಾರು? ನಮ್ಮ ಜನಪದರು ಹೇಳುವ ರೇಣುಕೆಯೇ ಅಲ್ಲವೇ? ಹೊಳೆಯಲ್ಲಿ ಗಂಧರ್ವನ ಜಲಕ್ರೀಡೆ ಕಂಡು ಒಂದು ಗಳಿಗೆ ಮನಸ್ಸು ಅಲುಗಿತೆಂದು ಗಂಡನ ಸಂಶಯಕ್ಕೆ ಗುರಿಯಾದವಳು, ಮಗನ ಕೊಡಲಿಗೆ ತಲೆ ಕೊಟ್ಟವಳು. ಬರಿಯ ಸಂಶಯದ ಮೇಲೆ ಶಿಕ್ಷೆಯಾದ ತಾಯಿಯನ್ನು ಗುಡ್ಡ ಹತ್ತಿ ಪೂಜಿಸುವ ನಾವು, ಬರಿಯ ಸಂಶಯದ ಮೇಲೆ ಇನ್ನೊಬ್ಬ ತಾಯಿಯನ್ನು ಬೀದಿಗೆ ಎಳೆಯುವುದು ಹೇಗೆ?

ಎದುರು ನಿಂತವರ ಚರಿತ್ರೆಯೂ ನಮ್ಮ ನೆಲದ್ದೇ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅಲ್ಲಿಯ ಶಾಹು ಮಹಾರಾಜರು 1920ರಲ್ಲೇ ಜೋಗತಿ, ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ತಂದರು. ಅಂತರ್ಜಾತಿ ಮದುವೆಗೂ ಕಾನೂನಿನ ಆಸರೆ ಕೊಟ್ಟರು. ಮುಂಬಯಿ ಪ್ರಾಂತದಲ್ಲಿದ್ದ ಚಿಕ್ಕೋಡಿ, ಅಥಣಿಗೆ ದೇವದಾಸಿ ಕಾನೂನು ಬಂದದ್ದು 1934ರಲ್ಲಿ, ಕರ್ನಾಟಕದ ಕಾನೂನು 1982ರದು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಕೆಮ್ಮುತ್ತ ದುಡಿಯುತ್ತಿದ್ದ ಹೆಂಗಸರು 1980ರ ಹೊತ್ತಿಗೆ ಸಂಘ ಕಟ್ಟಿದರು. ಅವರ ಹೋರಾಟವನ್ನು ಯುಗಾಂತರ ಎಂಬ ಚಿತ್ರತಂಡದ ದೀಪಾ ಧನರಾಜ್ ಮತ್ತು ಗೆಳತಿಯರು 1982ರಲ್ಲಿ ಸಾಕ್ಷ್ಯಚಿತ್ರ ಮಾಡಿದ್ದಾರೆ. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ತಮ್ಮ ಸಂಸ್ಥೆ ಕಟ್ಟಿಕೊಂಡರು. ಹೊಸ ಮುತ್ತು ಕಟ್ಟುವುದನ್ನು ತಡೆಯಲು ಹುಣ್ಣಿಮೆಯ ಜಾತ್ರೆಗಳಲ್ಲಿ ಕಾವಲು ನಿಂತವರು ಅವರೇ, ಹಿಂದೆ ತಾವೇ ಮುತ್ತು ಕಟ್ಟಿಸಿಕೊಂಡವರು.

ಹೀಗೆ ಎದುರು ನಿಂತದ್ದಕ್ಕೆ ತೆತ್ತ ಬೆಲೆ ದೊಡ್ಡದು. ಮಾಟ ಮಂತ್ರದ ವಿರುದ್ಧ ಕಾನೂನಿಗಾಗಿ ವರ್ಷಾನುಗಟ್ಟಲೆ ದುಡಿದ ನರೇಂದ್ರ ದಾಭೋಳ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ನಾಲ್ಕೇ ದಿನದಲ್ಲಿ ಮಹಾರಾಷ್ಟ್ರ ಸುಗ್ರೀವಾಜ್ಞೆ ಹೊರಡಿಸಿತು. ಒಬ್ಬರು ಕರಣಿ ಮಾಡುತ್ತಾರೆ, ಮಂತ್ರದಿಂದ ದನದ ಹಾಲು ಬತ್ತಿಸುತ್ತಾರೆ ಎಂದು ಹೆಸರಿಡುವುದೇ ಅಲ್ಲಿ ಅಪರಾಧ. ನಮ್ಮ ಓಣಿಯ ಆ ಎಮ್ಮೆಯ ಮಾತನ್ನು ಕಾನೂನು ಅಕ್ಷರಶಃ ಹಿಡಿದಿದೆ. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ವಿಚಾರವಾದಿ ಗೋವಿಂದ ಪಾನಸರೆ, ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ನಮ್ಮ ಸಂಶೋಧಕ ಎಂ. ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಕರ್ನಾಟಕದ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧದ ಮಸೂದೆಯನ್ನು 2017ರ ನವೆಂಬರಿನಲ್ಲಿ ಒಪ್ಪಿತು, ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಕಾನೂನು ತಡವಾಗಿ ಬಂತು ಎಂಬುದು ನನ್ನ ದೂರು. ಬಂದ ಮೇಲೂ ಠಾಣೆಗಳಲ್ಲಿ, ಪಂಚಾಯಿತಿಗಳಲ್ಲಿ ಅದರ ಪರಿಚಯ ಸಾಲದು ಎಂಬುದು ಇನ್ನೂ ದೊಡ್ಡ ದೂರು.

ಸೇಲಂ ತನ್ನ ತಪ್ಪನ್ನು ಒಪ್ಪಲು ಬಹಳ ಕಾಲ ತೆಗೆದುಕೊಂಡಿತು. ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯೂವಾಲ್ 1697ರಲ್ಲಿ ಚರ್ಚಿನಲ್ಲಿ ಎದ್ದು ನಿಂತು ಕ್ಷಮೆ ಬೇಡಿದ. ಹನ್ನೆರಡನೆಯ ವಯಸ್ಸಿನಲ್ಲಿ ಹಲವರ ಹೆಸರು ಹೇಳಿದ್ದ ಆ್ಯನ್ ಪಟ್ನಮ್ 1706ರಲ್ಲಿ ಕ್ಷಮೆ ಕೇಳಿದಳು. 1711ರಲ್ಲಿ ಕುಟುಂಬಗಳಿಗೆ 578 ಪೌಂಡು 12 ಶಿಲ್ಲಿಂಗು ಪರಿಹಾರ ಹಂಚಿದರು. ನಿರ್ದೋಷಿಗಳ ಪಟ್ಟಿಯಿಂದ ಬಿಟ್ಟುಹೋದವರಲ್ಲಿ ಎಲಿಜಬೆತ್ ಜಾನ್ಸನ್ ಎಂಬವಳೂ ಒಬ್ಬಳು. ಶಾಲೆಯ ಮಕ್ಕಳು ತಮ್ಮ ಶಿಕ್ಷಕಿಯೊಂದಿಗೆ ಅರ್ಜಿ ಹಿಡಿದು ಹೋರಾಡಿ 2022ರಲ್ಲಿ ಆಕೆಯನ್ನು ನಿರ್ದೋಷಿ ಎನಿಸಿದರು. ಆಕೆಗೆ ಶಿಕ್ಷೆ ವಿಧಿಸಿ ಆಗಲೇ 329 ವರ್ಷ.

ಅಷ್ಟು ವರ್ಷ ಕಾಯುವಂಥ ಕೆಲಸ ನಮಗೆ ಬೇಡ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲಿ ಒಬ್ಬ ಹೆಂಗಸಿನ ಹೆಸರಿಗೆ ಮಾಟದ ಮಾತು ಅಂಟಿಕೊಂಡರೆ ಮೊದಲು ಆಕೆಯ ಹೊಲದ ಉತಾರ ಯಾರಿಗೆ ಬೇಕಾಗಿದೆ, ಆಕೆಯ ಮನೆಯ ಯಾವ ಮದುವೆ ಯಾರಿಗೆ ಬೇಡವಾಗಿದೆ ಎಂದು ಕೇಳಿ. ದನ ಹಾಲು ಕೊಡದಿದ್ದರೆ ಪಶುವೈದ್ಯರನ್ನು ಕರೆಯಿರಿ, ಮಗುವಿಗೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಗುಂಪು ಒಂದು ಮನೆಯ ಮುಂದೆ ಸೇರಿದ್ದು ಕಂಡರೆ ನೋಡುತ್ತ ನಿಲ್ಲಬೇಡಿ. 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಫೋನ್ ಎತ್ತುತ್ತಾರೆ.