ಒತ್ತಿದ್ದು, ಒಪ್ಪಿಸಿದ್ದು



1692ರ ಸೆಪ್ಟೆಂಬರ್. ಅಮೆರಿಕದ ಮ್ಯಾಸಚೂಸೆಟ್ಸ್ ಆಗ ಇಂಗ್ಲೆಂಡಿನ ವಸಾಹತು. ಅಲ್ಲಿನ ಸೇಲಂನಲ್ಲಿ ಮಾಟ ಮಾಡಿದರೆಂಬ ಆರೋಪದ ಮೇಲೆ ಜನರನ್ನು ವಿಚಾರಿಸಿ ನೇಣಿಗೇರಿಸುತ್ತಿದ್ದ ಕಾಲ. ಎಂಬತ್ತರ ಆಸುಪಾಸಿನ ಜೈಲ್ಸ್ ಕೋರಿ ಎಂಬ ರೈತನ ಮೇಲೂ ಆರೋಪ ಬಂತು. ಜ್ಯೂರಿಯ ವಿಚಾರಣೆಗೆ ತನ್ನ ಒಪ್ಪಿಗೆಯಿದೆ ಎಂದು ಆರೋಪಿಯೇ ಬಾಯಿಬಿಟ್ಟು ಹೇಳದೆ ಮೊಕದ್ದಮೆ ಮುಂದುವರಿಯುವಂತಿರಲಿಲ್ಲ. ಅಂದಿನ ಇಂಗ್ಲಿಷ್ ಕಾನೂನು ಹಾಗಿತ್ತು. ಕೋರಿ ಆ ಮಾತು ಹೇಳಲಿಲ್ಲ. ಹೇಳಿಸಲೆಂದು ಅವನನ್ನು ಅಂಗಾತ ಮಲಗಿಸಿ ಮೈಮೇಲೆ ಕಲ್ಲು ಹೇರಿದರು, ಹೇರುತ್ತಲೇ ಹೋದರು. ಅವನು ಸತ್ತ, ಒಪ್ಪಲಿಲ್ಲ. ಇಂಗ್ಲೆಂಡಿನ ಕಾನೂನಿನಿಂದ ಈ ಪದ್ಧತಿ ತೊಲಗಿದ್ದು 1772ರಲ್ಲಿ.

ಕೋರಿಗೆ ಆದದ್ದನ್ನು ಇಂಗ್ಲಿಷಿನಲ್ಲಿ ‘ಪ್ರೆಸ್’ ಎಂದು ಹೇಳಬಹುದು. ‘ಕಂಪೆಲ್’ ಎಂದರೆ ಸುಳ್ಳಾಗುತ್ತದೆ. ಪ್ರೆಸ್ ಎಂಬುದು ಒತ್ತುವವನ ಕೆಲಸವನ್ನಷ್ಟೇ ಹೇಳುತ್ತದೆ. ಒತ್ತಿಸಿಕೊಂಡವನು ಮಣಿದನೋ ಇಲ್ಲವೋ ಎಂಬುದಕ್ಕೆ ಅದು ಹೊಣೆಯಲ್ಲ. ಕಂಪೆಲ್ ಎಂದೊಡನೆ ಅವನು ಮಣಿದ, ಕೆಲಸ ನಡೆಯಿತು ಎಂದೇ ಅರ್ಥ. ‘ಅರ್ಜ್’ ಮತ್ತು ‘ಪ್ರೆಶರ್’ ಪ್ರೆಸ್‌ನ ಕಡೆಗೆ ನಿಲ್ಲುತ್ತವೆ, ‘ಫೋರ್ಸ್’ ಕಂಪೆಲ್‌ನ ಕಡೆಗೆ. ನಿಘಂಟುಗಳು ಇವನ್ನೆಲ್ಲ ಒತ್ತಾಯಿಸು, ಬಲವಂತಪಡಿಸು ಎಂದು ಒಂದೇ ಸಾಲಿನಲ್ಲಿ ಕೂರಿಸುವುದರಿಂದ, ಯಾವುದರಲ್ಲಿ ಒತ್ತಡ ಹೆಚ್ಚು ಎಂಬುದೊಂದೇ ವ್ಯತ್ಯಾಸವೆಂದು ನಮ್ಮ ವಿದ್ಯಾರ್ಥಿಗಳು ತಿಳಿಯುತ್ತಾರೆ. ಕೋರಿಯ ಮೇಲೆ ಹೇರಿದ್ದಕ್ಕಿಂತ ಹೆಚ್ಚಿನ ಒತ್ತಡ ಯಾವುದಿದ್ದೀತು? ತೂಕದಿಂದ ಈ ಪದಗಳನ್ನು ಅಳೆಯಲಾಗದು.

ಮೈಗೆ ಸಂಬಂಧಿಸಿದ ಒತ್ತಡದ ಮಾತುಗಳಲ್ಲಿ ಕನ್ನಡಕ್ಕೆ ಬಡತನವಿಲ್ಲ. ಇಂಗ್ಲಿಷ್ ‘ಸ್ಕ್ವೀಜ್’ ಎಂಬ ಒಂದೇ ಪದದಿಂದ ನಿಂಬೆಹಣ್ಣನ್ನೂ ಕೈಯನ್ನೂ ಕತ್ತನ್ನೂ ನಿಭಾಯಿಸುತ್ತದೆ. ನಾವು ನಿಂಬೆಹಣ್ಣನ್ನು ಹಿಂಡುತ್ತೇವೆ, ಕೈಯನ್ನು ಅದುಮುತ್ತೇವೆ, ಕತ್ತನ್ನು ಹಿಸುಕುತ್ತೇವೆ. ಮನಸ್ಸಿನ ಮೇಲಿನ ಒತ್ತಡಕ್ಕೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ‘ಕ್ರಮಕ್ಕೆ ಒತ್ತಾಯ’ ಎಂಬ ಪತ್ರಿಕೆಯ ತಲೆಬರಹದಲ್ಲಿ ಇರುವುದು ಬರಿಯ ಬೇಡಿಕೆ. ಮದುವೆ ಮನೆಯಲ್ಲಿ ‘ಬಲವಂತ ಮಾಡಿ ಇನ್ನೊಂದು ಹೋಳಿಗೆ ಬಡಿಸಿದರು’ ಎನ್ನುವಾಗ ಇರುವುದು ಪ್ರೀತಿ. ಅಲ್ಲಿ ಇಂಗ್ಲಿಷಿಗೆ ಪ್ರೆಸ್ ಸಲ್ಲುತ್ತದೆ, ಫೋರ್ಸ್ ಹಾಕಿದರೆ ಅತಿಥಿಗೆ ಹಿಂಸೆಯಾದಂತೆ ಕೇಳಿಸುತ್ತದೆ.

ಹಾಗೆಂದು ಕನ್ನಡಕ್ಕೆ ಈ ವಿವೇಚನೆ ಇಲ್ಲವೆಂದಲ್ಲ. ಇಂಗ್ಲಿಷ್ ಬೇರೆ ಬೇರೆ ಪದಗಳಲ್ಲಿ ಇಟ್ಟದ್ದನ್ನು ಕನ್ನಡ ಕ್ರಿಯಾಪದದ ಕೊನೆಯಲ್ಲಿ ಇಟ್ಟಿದೆ. ‘ಸಹಿ ಹಾಕು ಎಂದು ಒತ್ತಾಯಿಸಿದರು’ ಎಂದರೆ ಸಹಿ ಬಿದ್ದಿತೋ ಇಲ್ಲವೋ ತಿಳಿಯದು. ‘ಸಹಿ ಹಾಕಿಸಿದರು’ ಎಂದರೆ ಬಿತ್ತು. 1961ರಲ್ಲಿ ಪ್ರಕಟವಾದ ‘ದಿ ಕಾನ್ಸೆಪ್ಟ್ ಆಫ್ ಲಾ’ ಗ್ರಂಥದಲ್ಲಿ ಕಾನೂನು ತತ್ತ್ವಜ್ಞ ಎಚ್. ಎಲ್. ಎ. ಹಾರ್ಟ್ ‘ಒಬ್ಲೈಜ್ಡ್’ ಆಗುವುದಕ್ಕೂ ‘ಒಬ್ಲಿಗೇಶನ್’ ಇರುವುದಕ್ಕೂ ಅಂತರವಿದೆ ಎಂದು ತೋರಿಸಲು ಬಂದೂಕುಧಾರಿಯ ಉದಾಹರಣೆ ಕೊಡುತ್ತಾನೆ. ಬಂದೂಕು ತೋರಿಸಿದವನಿಗೆ ಹಣ ಕೊಟ್ಟವನು ಮೊದಲನೆಯ ಸ್ಥಿತಿಯಲ್ಲಿದ್ದಾನೆ. ಕೊಡುವ ಬಾಧ್ಯತೆಯೇನೂ ಅವನಿಗಿರಲಿಲ್ಲ. ಆ ಪುಟಗಳನ್ನು ಓದುವಾಗಲೆಲ್ಲ ನನಗೆ ಹೊಳೆಯುವುದು ನಮ್ಮ ಎರಡು ರೂಪಗಳು: ಕಳ್ಳನಿಗೆ ‘ಕೊಡಬೇಕಾಯಿತು’, ಸಾಲ ಕೊಟ್ಟವನಿಗೆ ‘ಕೊಡಬೇಕಿತ್ತು’. ಮೊದಲನೆಯದರಲ್ಲಿ ಹಣ ಕೈಬಿಟ್ಟು ಹೋಗಿದೆ. ಎರಡನೆಯದರಲ್ಲಿ ಋಣವಿದೆ, ಹಣ ಹೋಗಿರಲಿಕ್ಕಿಲ್ಲ. ಹಳ್ಳಿಯ ಅಜ್ಜಿಯೂ ಇವೆರಡನ್ನು ಕಲಸುವುದಿಲ್ಲ.

‘ಕೋಯರ್ಸ್’ ಎಂಬುದಕ್ಕೆ ಇನ್ನೊಂದು ನಿಯಮವಿದೆ. ಅದರ ಹಿಂದೆ ಬೆದರಿಸುವ ಮನುಷ್ಯ ಅಥವಾ ಅಧಿಕಾರ ಇರಲೇಬೇಕು. ಹಸಿವು ಕಂಪೆಲ್ ಮಾಡಬಹುದು, ಮಳೆಯೂ ಮಾಡಬಹುದು. ಮಳೆ ಕೋಯರ್ಸ್ ಮಾಡಿತು ಎಂದು ಯಾರೂ ಅನ್ನುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 15ನೆಯ ಕಲಮಿನಲ್ಲಿ ಈ ಪದಕ್ಕೆ ವ್ಯಾಖ್ಯೆಯಿದೆ: ದಂಡ ಸಂಹಿತೆ ನಿಷೇಧಿಸಿದ ಕೃತ್ಯವನ್ನು ಎಸಗುವುದು ಅಥವಾ ಎಸಗುವುದಾಗಿ ಬೆದರಿಸುವುದು ಅದರಲ್ಲಿ ಮುಖ್ಯ. 1917ರಲ್ಲಿ ಮದರಾಸು ಹೈಕೋರ್ಟಿನ ಮುಂದೆ ಒಂದು ವಿಚಿತ್ರ ಪ್ರಕರಣ ಬಂತು. ಒಬ್ಬ ಗೃಹಸ್ಥ ತಾನು ಆತ್ಮಹತ್ಯೆ ಮಾಡಿಕೊಳ್ಳುವುದಾಗಿ ಹೆದರಿಸಿ, ಹೆಂಡತಿ ಮತ್ತು ಮಗನಿಂದ ತನ್ನ ಸಹೋದರನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡಿದ್ದ. ಬೆದರಿಕೆ ಅವರ ಪ್ರಾಣಕ್ಕಲ್ಲ, ತನ್ನದೇ ಪ್ರಾಣಕ್ಕೆ. ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಇದನ್ನೂ ಕೋಯರ್ಷನ್ ಎಂದರು. ಅಮೀರಾಜು ಪ್ರಕರಣವೆಂದು ಕಾನೂನು ತರಗತಿಗಳಲ್ಲಿ ಇಂದಿಗೂ ಪಾಠ ಮಾಡುವ ಆ ತೀರ್ಪು ನನಗೆ ಸರಿಯೆನಿಸುತ್ತದೆ. ಮನೆಯೊಳಗಿನ ಒತ್ತಡ ಹೆಚ್ಚಾಗಿ ಪ್ರೀತಿಯ ದಾರಿಯಲ್ಲೇ ನಡೆದುಬರುತ್ತದೆ.

‘ಅಣ್ಣ ಬಲವಂತ ಮಾಡಿದ, ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದೆ’ ಎಂದು ಒಬ್ಬ ಹೆಣ್ಣುಮಗಳು ಸಾಕ್ಷಿ ನುಡಿಯುತ್ತಾಳೆ ಎಂದಿಟ್ಟುಕೊಳ್ಳಿ. ಹೈಕೋರ್ಟಿಗೆ ಹೋಗುವಾಗ ಆ ಮಾತು ಇಂಗ್ಲಿಷಾಗಬೇಕು. ಅರ್ಜ್ ಎಂದು ಬರೆದರೆ ಅವಳು ತಾನೇ ಒಪ್ಪಿ ಒತ್ತಿದಂತೆ; ಪತ್ರ ಊರ್ಜಿತ. ಕೋಯರ್ಸ್ ಎಂದು ಬರೆದರೆ ಅದನ್ನು ರದ್ದುಪಡಿಸಿಕೊಳ್ಳುವ ಆಯ್ಕೆ ಅವಳಿಗಿದೆ. ಅಣ್ಣ ದುಂಬಾಲು ಬಿದ್ದನೇ, ಹೆದರಿಸಿದನೇ ಎಂದು ಅವಳನ್ನು ಕೇಳದೆ ಅನುವಾದಕ ಪದ ಆರಿಸಿದರೆ ಅವನು ಜಮೀನನ್ನೇ ಹಂಚಿದಂತಾಯಿತು.

ನಮ್ಮ ಸಂವಿಧಾನದಲ್ಲೂ ಈ ಪದಗಳಿವೆ. 23ನೆಯ ವಿಧಿ ಬಿಟ್ಟಿ ಚಾಕರಿಯನ್ನೂ ‘ಫೋರ್ಸ್ಡ್’ ದುಡಿಮೆಯನ್ನೂ ನಿಷೇಧಿಸುತ್ತದೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಯಲ್ಲಿ ಕೂಲಿಗಳಿಗೆ ಕನಿಷ್ಠ ವೇತನ ಸಿಗುತ್ತಿಲ್ಲವೆಂದು ಸುಪ್ರೀಂ ಕೋರ್ಟಿಗೆ ದೂರು ಹೋಯಿತು. ಅವರನ್ನು ಯಾರೂ ಕಟ್ಟಿಹಾಕಿರಲಿಲ್ಲ, ಹೊಡೆದಿರಲಿಲ್ಲ. ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರು, ಹಸಿವು ಮತ್ತು ಬಡತನದಿಂದ ಬೇರೆ ದಾರಿ ಕಾಣದೆ ಕನಿಷ್ಠಕ್ಕಿಂತ ಕಡಿಮೆ ಕೂಲಿಗೆ ದುಡಿಯುವುದೂ ಫೋರ್ಸ್ಡ್ ದುಡಿಮೆಯೇ ಎಂದರು. ಒತ್ತುವ ಕೈ ಕಾಣದಿದ್ದರೂ ಆ ಪದ ಸಲ್ಲುತ್ತದೆ ಎಂದು ಹೇಳಿದ ಈ ತೀರ್ಪನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

20ನೆಯ ವಿಧಿಯ 3ನೆಯ ಖಂಡ ಬಳಸಿರುವುದು ಕಂಪೆಲ್ ಪದವನ್ನು: ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಮಾಡಬಾರದು. ಇದರ ಅರ್ಥ ಮತ್ತೆ ಪರೀಕ್ಷೆಗೆ ಬಂದದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ತೀರ್ಪು 2010ರ ಮೇ 5ರಂದು ಬಂತು. ಮಂಪರು ಪರೀಕ್ಷೆಯಲ್ಲಿ ಆರೋಪಿಗೆ ಸೋಡಿಯಂ ಪೆಂಟೋಥಾಲ್ ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತಾಡಿಸುತ್ತಾರೆ. ಏಟಿಲ್ಲ, ಬೆದರಿಕೆಯಿಲ್ಲ, ಒತ್ತಡವೇ ಇಲ್ಲವಲ್ಲ ಎಂದು ಕೇಳಬಹುದು. ಮಾತಾಡಬೇಕೋ ಸುಮ್ಮನಿರಬೇಕೋ ಎಂಬ ಆಯ್ಕೆಯೇ ಅವನ ಕೈತಪ್ಪಿದೆ, ಆದ್ದರಿಂದ ಒಪ್ಪಿಗೆಯಿಲ್ಲದೆ ನಡೆಸುವ ಇಂಥ ಪರೀಕ್ಷೆ ಸಂವಿಧಾನಕ್ಕೆ ವಿರುದ್ಧ ಎಂದಿತು ಸುಪ್ರೀಂ ಕೋರ್ಟು.

ಸ್ವಇಚ್ಛೆಯಿಂದ ಒಪ್ಪಿದವನಿಗೆ ಪರೀಕ್ಷೆ ನಡೆಸಲು ಅದೇ ತೀರ್ಪು ಅವಕಾಶ ಉಳಿಸಿದೆ. ಆ ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ನಮ್ಮ ರಾಜ್ಯದಲ್ಲಿ ಬಹುಮಟ್ಟಿಗೆ ಅದು ಕನ್ನಡದಲ್ಲೇ ಹೊರಡುವ ಮಾತು. ಇಲ್ಲಿರುವ ಕಾನೂನು ವಿದ್ಯಾರ್ಥಿಗಳು ನಾಳೆ ಅಂಥ ದಾಖಲೆ ಓದುವಾಗ, ಆರೋಪಿ ಅಂದದ್ದು ‘ಒಪ್ಪಿದ್ದೇನೆ’ ಎಂದೋ ‘ಒಪ್ಪಬೇಕಾಯಿತು’ ಎಂದೋ ಕೇಳಿ ತಿಳಿಯಿರಿ. ಇಂಗ್ಲಿಷ್ ಪ್ರತಿಯಲ್ಲಿ ಎರಡೂ ‘ಕನ್ಸೆಂಟ್’ ಎಂದೇ ಬಂದಿರಬಹುದು.