ಉಕ್ಕಿನೊಳಗಣ ಅದೃಶ್ಯ ವೈರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಾದ ನಾವು ಕಾವ್ಯವನ್ನು ಬಿಟ್ಟು ಕಬ್ಬಿಣವನ್ನು ಕುರಿತು ಮಾತನಾಡಲು ನಿಂತುದು ತಮಗೆ ಅಚ್ಚರಿಯೆನಿಸಬಹುದು. ಅದಕ್ಕೆ ಕಾರಣವುಂಟು. ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ನಮ್ಮ ಮನೆಗೆ ಬಂದಿದ್ದನು. ಅವನು ಸಂಜೆ ಬಿಗಿದಿದ್ದ ಥಳಥಳಿಸುವ ಉಕ್ಕಿನ ಬೋಲ್ಟುಗಳಲ್ಲಿ ಎರಡು, ಬೆಳಗಾಗುವುದರೊಳಗೆ ತಾವಾಗಿಯೇ ಮುರಿದಿದ್ದವಂತೆ. ಅಳತೆ ಮೀರಿ ಬಿಗಿದನೆಂಬ ಅಪವಾದ ಅವನ ತಲೆಗೆ ಬಂದಿತು. “ಗುರುಗಳೇ, ಅಳತೆಯಂತೆಯೇ ಬಿಗಿದೆ, ಯಾರೂ ನಂಬಲೊಲ್ಲರು” ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ವಿಜ್ಞಾನದ ಅಧ್ಯಾಪಕರನ್ನು ಕೇಳಿ, ಗ್ರಂಥಗಳನ್ನು ನೋಡಿ ತಿಳಿದುಕೊಂಡುದನ್ನು ಇಂದು ತಮ್ಮ ಮುಂದಿಡುತ್ತೇವೆ.

1875ರಲ್ಲಿ ಇಂಗ್ಲೆಂಡಿನ ವಿಲಿಯಂ ಜಾನ್ಸನ್ ಎಂಬವರು ರಾಯಲ್ ಸೊಸೈಟಿಗೆ ಒಂದು ವಿಚಿತ್ರವನ್ನು ನಿವೇದಿಸಿದರು. ಆಮ್ಲದಲ್ಲಿ ಕೆಲವು ನಿಮಿಷ ಅದ್ದಿದ ಕಬ್ಬಿಣವು ಬಗ್ಗಿಸಿದೊಡನೆ ಮುರಿಯುತ್ತಿತ್ತು. ಮುರಿದ ಬಾಯಿಯನ್ನು ತೋಯಿಸಿದರೆ ಗುಳ್ಳೆಗಳೇಳುತ್ತಿದ್ದವು. ಕೆಲವು ದಿನ ಇಟ್ಟರೆ, ಇಲ್ಲವೇ ಕಾಯಿಸಿದರೆ, ಅದರ ಮೊದಲಿನ ಗುಣ ಮರಳುತ್ತಿತ್ತು. ಒಳಹೊಕ್ಕ ಜಲಜನಕವೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು.

ಉಕ್ಕು ಅಸಂಖ್ಯ ಸಣ್ಣ ಹರಳುಗಳ ಒಕ್ಕೂಟ. ಬಲ ಬಿದ್ದಾಗ ಹರಳಿನೊಳಗಣ ಪರಮಾಣುಗಳ ಪದರಗಳು ತುಸು ಜಾರುತ್ತವೆ. ಆದುದರಿಂದಲೇ ಒಳ್ಳೆಯ ಉಕ್ಕು ಮುರಿಯುವ ಮುನ್ನ ಬಾಗುತ್ತದೆ, ಹಿಗ್ಗುತ್ತದೆ. ಬಹು ಚಿಕ್ಕದಾದ ಜಲಜನಕದ ಪರಮಾಣು ಇವುಗಳ ನಡುವೆ ನುಸುಳಿ, ಎಳೆತ ಹೆಚ್ಚಾಗಿರುವೆಡೆಗೆ ಮೆಲ್ಲಮೆಲ್ಲನೆ ಸರಿಯುತ್ತದೆ. ಬೋಲ್ಟಿನ ಸುತ್ತುಗೆರೆಗಳ ತಗ್ಗು ಅಂತಹ ಎಡೆ. ಅಲ್ಲಿ ಅದು ಹರಳು ಹರಳುಗಳ ಬೆಸುಗೆಯನ್ನು ಸಡಿಲಿಸುವುದೆಂದು ಕೆಲವರೂ, ಜಾರುವಿಕೆಯನ್ನೆಲ್ಲ ಒಂದೇ ಕಡೆಗೆ ಕೂಡಿಸುವುದೆಂದು ಕೆಲವರೂ ಹೇಳುತ್ತಾರೆ. ಎರಡೂ ಸೇರಿ ನಡೆಯುವುದುಂಟು. ಹೀಗೆ ಸರಿಯಲು ಹೊತ್ತು ಹಿಡಿಯುವುದರಿಂದ, ಇಂದು ಸರಿಯಾಗಿದ್ದುದು ನಾಳೆ ಮುರಿಯುತ್ತದೆ. ಉಕ್ಕು ಗಟ್ಟಿಯಾದಷ್ಟೂ ಈ ಅಪಾಯ ಹೆಚ್ಚು.

ಇದು ಸಣ್ಣ ಬೋಲ್ಟುಗಳ ಮಾತು ಮಾತ್ರವಲ್ಲ. 2013ರ ಮಾರ್ಚಿ ತಿಂಗಳಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ–ಓಕ್ಲೆಂಡ್ ಕೊಲ್ಲಿ ಸೇತುವೆಯ ಹೊಸ ಭಾಗದಲ್ಲಿ, ಬಿಗಿದ ಕೆಲವೇ ದಿನಗಳಲ್ಲಿ, 96 ದಪ್ಪ ಉಕ್ಕಿನ ಸಲಾಕೆಗಳ ಪೈಕಿ 32 ಮುರಿದವು. ಅಲ್ಲಿಯೂ ಜಲಜನಕದ ಕೈವಾಡವೇ ಕಂಡುಬಂದಿತು.

ತುಕ್ಕು ಹಿಡಿಯದಿರಲೆಂದು ಬೋಲ್ಟುಗಳನ್ನು ಆಮ್ಲದಲ್ಲಿ ತೊಳೆದು, ವಿದ್ಯುತ್ತಿನಿಂದ ಸತುವಿನ ಲೇಪ ಕೊಡುತ್ತಾರೆ. ಈ ಎರಡು ಹಂತಗಳಲ್ಲಿಯೂ ಜಲಜನಕ ಹುಟ್ಟಿ ಒಳಸೇರಬಲ್ಲದು. ‘ಒಳಗೆ ಹುಳುಕು, ಹೊರಗೆ ಥಳಕು’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಪರಿಹಾರವೂ ಸರಳ: ಗಟ್ಟಿ ಉಕ್ಕಿಗೆ ಲೇಪವಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಸೆಂಟಿಗ್ರೇಡಿನ ಒಲೆಯಲ್ಲಿಟ್ಟು ಹಲವು ಗಂಟೆ ಕಾಯಿಸಬೇಕು. ಆತುರಕ್ಕೂ ಮಿತವ್ಯಯಕ್ಕೂ ಬಲಿಯಾಗುವುದು ಈ ಹಂತವೇ.

ನಮ್ಮ ವಿದ್ಯಾರ್ಥಿಗೆ ನಾವು ಹೇಳಿದುದಿಷ್ಟು: “ಮಗೂ, ಮುರಿದ ತುಂಡುಗಳನ್ನು ಎಸೆಯಗೊಡಬೇಡ. ಮಿತಿಮೀರಿ ಬಿಗಿದ ಬೋಲ್ಟು ಸಾಮಾನ್ಯವಾಗಿ ಹಿಗ್ಗಿ, ಸಣ್ಣಗಾಗಿ ತುಂಡಾಗುತ್ತದೆ. ಜಲಜನಕದಿಂದ ಮುರಿದುದು ಹಿಗ್ಗದೆ ಗಾಜಿನಂತೆ ಒಡೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರ ಹರಳುಗಳ ಅಂಚುಗಳು ಕಾಣುವುದುಂಟು. ಪರೀಕ್ಷೆ ಮಾಡಿಸಿರೆಂದು ವಿನಯದಿಂದ ಕೇಳು. ಲೇಪದ ಬಳಿಕ ಕಾಯಿಸಿದ್ದರೇ ಎಂಬುದನ್ನೂ ಕೇಳು.”

ತಪ್ಪು ಅವನದೋ ಉಕ್ಕಿನದೋ ಎಂಬ ತೀರ್ಪು ನಮ್ಮದಲ್ಲ. ಆ ತುಂಡುಗಳೇ ಹೇಳಬೇಕು. ಆದರೆ ಕೇಳುವ ಮಾತನ್ನು ಅರಿಯದವನು ಮಾಡದ ತಪ್ಪಿಗೂ ತಲೆಬಾಗಬೇಕಾಗುತ್ತದೆ. ಕಾರ್ಖಾನೆಗೆ ಹೋಗುವ ನಮ್ಮ ಮಕ್ಕಳಿಗೆ ಆ ಮಾತನ್ನು ತಾಯ್ನುಡಿಯಲ್ಲಿ ಕಲಿಸುವುದೂ ಕನ್ನಡದ ಸೇವೆಯೇ ಎಂದು ನಂಬುತ್ತೇವೆ.